ಮೂರೂವರೆ ವರ್ಷ ಬದುಕಿದ ಗಾಡ್

2003ರ ಬೇಸಿಗೆ. ಆದಿತ್ಯನಗರದ ಗೇಟಿನ ಹೊರಗೆ ಒಂದು ಕಂಪ್ಯೂಟರ್ ಸೆಂಟರ್ ಇತ್ತು. ಹಗಲೆಲ್ಲ ಟ್ಯಾಲಿ, ಡಿಟಿಪಿ ಕ್ಲಾಸು. ಸಂಜೆ ಆರಾಯಿತೆಂದರೆ ಅದೇ ನಾಲ್ಕು ಕಂಪ್ಯೂಟರ್‌ಗಳು ತಾಸಿಗೆ ಹತ್ತು ರೂಪಾಯಿಯಂತೆ ನಮ್ಮಂಥ ಹುಡುಗರ ಕೈಗೆ. ಹತ್ತು ರೂಪಾಯಿ ಒಬ್ಬನ ಹತ್ತಿರವೇ ಇರುತ್ತಿರಲಿಲ್ಲ. ಹಾಗಾಗಿ ಇಬ್ಬಿಬ್ಬರು ಸೇರಿ ಕೂರುತ್ತಿದ್ದೆವು. ಒಬ್ಬನಿಗೆ ಕೀಬೋರ್ಡು, ಇನ್ನೊಬ್ಬನಿಗೆ ಮೌಸು. ಒಬ್ಬ ಓಡಬೇಕು, ಇನ್ನೊಬ್ಬ ಗುಂಡು ಹಾರಿಸಬೇಕು. ಸತ್ತರೆ ಇಬ್ಬರೂ ಬೈದಾಡಬೇಕು.

ಆದಿತ್ಯನಗರ ಗೊತ್ತಿಲ್ಲದವರಿಗೆ ಹೇಳ್ತೀನಿ. ವಾಡಿ ಜಂಕ್ಷನ್‌ನಿಂದ ಸಿಕಂದರಾಬಾದ್ ಕಡೆ ಹೊರಟರೆ ಚಿತ್ತಾಪುರ ದಾಟಿ, ಸೇಡಂ ಮುಟ್ಟುವ ಮೊದಲು ಮಳಖೇಡ ರೋಡ್ ಅಂತ ಸ್ಟೇಷನ್ ಬರುತ್ತದೆ. ಅಲ್ಲಿನ ಸಿಮೆಂಟ್ ಕಾರ್ಖಾನೆಯ ಕಾಲನಿಯೇ ಆದಿತ್ಯನಗರ. ಕಾರ್ಖಾನೆಯ ಹೆಸರು ರಾಜಶ್ರೀ ಸಿಮೆಂಟ್ ಅಂತ ಇತ್ತು, ಈಗ ಬೋರ್ಡಿನ ಮೇಲೆ ಅಲ್ಟ್ರಾಟೆಕ್ ಅಂತ ಇದೆ. ನಮ್ಮ ಕಡೆ ಇವತ್ತಿಗೂ ಯಾರನ್ನಾದರೂ ಕೇಳಿ ನೋಡಿ, "ರಾಜಶ್ರೀ" ಅಂತಲೇ ಅಂತಾರೆ. ಬೋರ್ಡ್ ಬದಲಾಯಿಸಿದಷ್ಟು ಸುಲಭವಾಗಿ ಬಾಯಿ ಬದಲಾಗುವುದಿಲ್ಲ.

ಕಾಲನಿಯೊಳಗೆ ಗುಲ್ಮೊಹರ್ ಸಾಲು, ದಿನವಿಡೀ ಕರೆಂಟು. ನಮ್ಮೂರು ಅಲ್ಲಿಂದ ಸೈಕಲ್ ದೂರ, ಕಾಗಿಣಾ ಹೊಳೆಯ ಆಚೆ. ನಮ್ಮಪ್ಪ ಫರ್ಶಿ ಪಾಲಿಶ್ ಯೂನಿಟ್ಟಿನಲ್ಲಿ ಕೆಲಸಕ್ಕಿದ್ದರು. ಶಹಾಬಾದ್ ಕಲ್ಲು ಅಂತ ನಿಮ್ಮ ಅಜ್ಜಿ ಮನೆಯ ಅಡುಗೆಮನೆಯಲ್ಲಿ ಹಾಸಿರುತ್ತಾರಲ್ಲ, ಅದೇ. ಸಂಜೆ ಬಂದಾಗ ಅಪ್ಪನ ತಲೆ, ಹುಬ್ಬು, ಮೀಸೆ ಎಲ್ಲ ಕಲ್ಲಿನ ಪುಡಿಯಿಂದ ಬೆಳ್ಳಗಾಗಿರುತ್ತಿದ್ದವು.

ಆ ಬೇಸಿಗೆ ನಾವು ಆಡುತ್ತಿದ್ದ ಆಟ ಮ್ಯಾಕ್ಸ್ ಪೇನ್. ನ್ಯೂಯಾರ್ಕಿನಲ್ಲಿ ಹಿಮಪಾತದ ರಾತ್ರಿ. ಹೆಂಡತಿ, ಮಗುವನ್ನ ಕಳಕೊಂಡ ಪೊಲೀಸಿನವನು ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು ಹೊರಡುತ್ತಾನೆ. ಮೌಸಿನ ಬಲಗಡೆ ಬಟನ್ ಒತ್ತಿದರೆ ಕಾಲವೇ ನಿಧಾನವಾಗುತ್ತದೆ, ಗುಂಡುಗಳು ಗಾಳಿಯಲ್ಲಿ ತೇಲುತ್ತ ಬರುವುದು ಕಾಣುತ್ತದೆ. ಹೊರಗೆ ಸೇಡಂ ಬಿಸಿಲು ನಲವತ್ತೆರಡು ಡಿಗ್ರಿ, ಒಳಗೆ ಪರದೆ ತುಂಬ ಹಿಮ. ಹಿಮವನ್ನ ನಾನು ಮೊದಲು ನೋಡಿದ್ದು ಅಲ್ಲಿ. ನೋಡಿದ ತಕ್ಷಣ ನೆನಪಾದದ್ದು ಅಪ್ಪನ ತಲೆ.

ನಾಲ್ಕನೆಯ ಕಂಪ್ಯೂಟರ್‌ಗೆ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ, ಅದರಲ್ಲಿ ಆಟ ಓಡುತ್ತಿರಲಿಲ್ಲ. ದುಡ್ಡಿಲ್ಲದ ದಿನ ಸೆಂಟರಿನವರು ಅದರ ಮುಂದೆ ಪುಕ್ಕಟೆ ಕೂರಲು ಬಿಡುತ್ತಿದ್ದರು. ನಾನು ಆಟದ ಫೋಲ್ಡರ್ ತೆಗೆದು ಅದರೊಳಗಿನ ಒಂದೊಂದೇ ಫೈಲ್ ಬಿಚ್ಚುತ್ತಿದ್ದೆ. ಬಹಳಷ್ಟು ತೆರೆಯುತ್ತಲೇ ಇರಲಿಲ್ಲ, ತೆರೆದರೂ ಚೌಕ, ಚುಕ್ಕೆ. ಓದಲು ಬಂದದ್ದು ರೀಡ್‌ಮಿ ಒಂದೇ. ಇಂಗ್ಲಿಷ್ ಗ್ರಾಮರ್ ಪುಸ್ತಕದಷ್ಟೇ ಶ್ರದ್ಧೆಯಿಂದ ಅದನ್ನ ಓದಿದೆ. ಅದರಲ್ಲಿತ್ತು ಈ ಹೆಸರು: ಗ್ಯಾದರಿಂಗ್ ಆಫ್ ಡೆವಲಪರ್ಸ್. ವೆಬ್‌ಸೈಟು, ಗಾಡ್‌ಗೇಮ್ಸ್ ಡಾಟ್ ಕಾಮ್.

"ಸರ, ಡೆವಲಪರ್ ಅಂದ್ರ ಏನ್ರಿ?" ಅಂತ ಕೇಳಿದೆ.

"ಡೆವಲಪರ್ ಅಂದ್ರ ಬಿಲ್ಡರ್. ಹೊಲ ತಗೊಂಡು ಸೈಟ್ ಮಾಡಿ ಮಾರ್ತಾರಲ್ಲ, ಅವ್ರು."

ಕಲಬುರಗಿ ರಿಂಗ್ ರೋಡಿನಲ್ಲಿ ಪ್ಲಾಟ್ ಮಾರುವವರೆಲ್ಲ ಸೇರಿ ಯಾಕೆ ಕಂಪ್ಯೂಟರ್ ಗೇಮ್ ಮಾಡಿದರು, ಅದಕ್ಕೆ ಯಾಕೆ ದೇವರ ಹೆಸರಿಟ್ಟರು ಅನ್ನೋದು ನನಗೆ ಸುಮಾರು ವರ್ಷ ಅರ್ಥವಾಗಲಿಲ್ಲ. ಅರ್ಥವಾಗುವ ಹೊತ್ತಿಗೆ ನಾನೇ ಡೆವಲಪರ್ ಆಗಿದ್ದೆ.

*

ಕಥೆ ಹೀಗಿದೆ.

ಗೇಮ್ ಉದ್ಯಮದಲ್ಲಿ ಎರಡು ಜಾತಿ. ಡೆವಲಪರ್ ಅಂದರೆ ಆಟ ಮಾಡುವವರು: ಕೋಡ್ ಬರೆಯುವವರು, ಚಿತ್ರ ಬಿಡಿಸುವವರು, ಸದ್ದು ಕೂಡಿಸುವವರು. ಪಬ್ಲಿಷರ್ ಅಂದರೆ ದುಡ್ಡು ಹಾಕುವವರು, ಡಬ್ಬಿ ಅಚ್ಚು ಮಾಡಿಸಿ ಅಂಗಡಿಗೆ ಮುಟ್ಟಿಸುವವರು. ಪಬ್ಲಿಷರ್ ಮುಂಗಡ ಕೊಡುತ್ತಾನೆ. ಆಟ ಮಾರಾಟವಾದರೆ ಆ ಮುಂಗಡ ಮೊದಲು ಮುರಿದುಕೊಳ್ಳುತ್ತಾನೆ, ಉಳಿದರೆ ಡೆವಲಪರ್‌ಗೆ ಪಾಲು. ಎಷ್ಟೋ ಸಲ ಆಟದ ಹಕ್ಕೂ ಪಬ್ಲಿಷರ್‌ನದೇ. ಪಾಲಿಗೆ ಹೊಲ ಮಾಡಿದವರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

1998ರ ಜನವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಕೆಲವರು ಇದನ್ನ ತಿರುಗಿಸಿ ಹಾಕುತ್ತೇವೆ ಅಂತ ಹೊರಟರು. ಮುಂದಾಳು ಮೈಕ್ ವಿಲ್ಸನ್. ಡೂಮ್, ಕ್ವೇಕ್ ಮಾಡಿದ ಇಡ್ ಸಾಫ್ಟ್‌ವೇರ್‌ನಲ್ಲಿ, ಆಮೇಲೆ ಅಯಾನ್ ಸ್ಟಾರ್ಮ್‌ನಲ್ಲಿ ಇದ್ದ ಮನುಷ್ಯ. ಹ್ಯಾರಿ ಮಿಲ್ಲರ್, ಡಗ್ ಮೈಯರ್ಸ್ ಮುಂತಾದವರು ಜೊತೆಗೆ. ಎಪಿಕ್, 3ಡಿ ರೆಲ್ಮ್ಸ್, ರಿಚುಯಲ್, ಟರ್ಮಿನಲ್ ರಿಯಾಲಿಟಿ, ಪಾಪ್‌ಟಾಪ್‌ನಂಥ ಸ್ಟುಡಿಯೋಗಳು ಬೆನ್ನಿಗೆ. ಡೆವಲಪರ್‌ಗಳೇ ಸೇರಿ ನಡೆಸುವ ಪಬ್ಲಿಷರ್ ಇದು. ಆಟದ ಹಕ್ಕು ಮಾಡಿದವರ ಹತ್ತಿರವೇ ಇರಬೇಕು, ಪಾಲು ಹೆಚ್ಚಬೇಕು, ಡಬ್ಬಿಯ ಮೇಲೆ ಮಾಡಿದವರ ಹೆಸರು ಎದ್ದು ಕಾಣಬೇಕು. ಹೆಸರಿನ ಮೊದಲಕ್ಷರ ಕೂಡಿಸಿದರೆ ಗಾಡ್ ಆಗುತ್ತದೆ ಅನ್ನೋದು ಅವರಿಗೇನೂ ಆಕಸ್ಮಿಕವಾಗಿ ಹೊಳೆದದ್ದಲ್ಲ. ಅವರ ತುಂಟತನ ಎಲ್ಲದರಲ್ಲೂ ಹೀಗೇ. ಲಾಸ್ ಏಂಜಲೀಸ್‌ನ ಇ3 ಮೇಳದಲ್ಲಿ ಎಲ್ಲರೂ ಸಭಾಂಗಣದೊಳಗೆ ಲಕ್ಷಗಟ್ಟಲೆ ಡಾಲರ್ ಸುರಿದು ಮಳಿಗೆ ಹಾಕಿದರೆ, ಇವರು ಎದುರಿನ ಪಾರ್ಕಿಂಗ್ ಜಾಗ ಬಾಡಿಗೆಗೆ ಹಿಡಿದು ಟೆಂಟು, ಬ್ಯಾಂಡು, ಬಿಯರು ಅಂತ ಬೇರೆಯೇ ಜಾತ್ರೆ ನಡೆಸಿದರು.

ಬರೀ ಜಾತ್ರೆ ಆಗಿದ್ದರೆ ನಾನು ಇದನ್ನ ಬರೆಯುತ್ತಿರಲಿಲ್ಲ. ಮೂರೂವರೆ ವರ್ಷದಲ್ಲಿ ಅವರು ಹೊರತಂದ ಆಟಗಳನ್ನ ನೋಡಿ. ಪಾಪ್‌ಟಾಪ್‌ನವರ ರೈಲ್‌ರೋಡ್ ಟೈಕೂನ್ 2, ಟ್ರಾಪಿಕೋ. ಕ್ರೊಯೇಷಿಯಾದ ಕ್ರೋಟೀಮ್ ಅನ್ನೋ ಸಣ್ಣ ತಂಡದ ಸೀರಿಯಸ್ ಸ್ಯಾಮ್. ಫಿನ್ಲೆಂಡಿನ ರೆಮಿಡಿಯವರ ಮ್ಯಾಕ್ಸ್ ಪೇನ್. ಅಮೆರಿಕದ ದೊಡ್ಡ ಪಬ್ಲಿಷರ್‌ಗಳು ಆಗ ನಕಾಶೆಯಲ್ಲಿ ಹುಡುಕದ ಊರುಗಳಿಂದ ಆಟ ತಂದರು. ಮ್ಯಾಕ್ಸ್ ಪೇನ್‌ನ ಕಥೆ ಬರೆದ ಸ್ಯಾಮ್ ಲೇಕ್ ತನ್ನ ಮುಖವನ್ನೇ ಹೀರೋಗೆ ಕೊಟ್ಟರು, ನಟನಿಗೆ ಕೊಡಲು ದುಡ್ಡಿರಲಿಲ್ಲ. ಖಳನಾಯಕಿಯ ಫೋಟೋಗಳಿಗೆ ನಿಂತದ್ದು ಅವರ ತಾಯಿ. ಅಂದರೆ ಆ ಬೇಸಿಗೆಯಿಡೀ ಮಳಖೇಡ ರೋಡಿನಲ್ಲಿ ಕೂತು ನಾವು ನೋಡಿದ್ದು ಬರೆದವನ ಮುಖವನ್ನೇ. ಹೆಸರು ಮಾತ್ರ ಗೊತ್ತಿರಲಿಲ್ಲ.

ಪಬ್ಲಿಷರ್ ಆಗುವುದಕ್ಕೆ ಒಳ್ಳೆಯ ಉದ್ದೇಶ ಸಾಲುವುದಿಲ್ಲ. ಒಂದು ಆಟಕ್ಕೆ ಎರಡು ಮೂರು ವರ್ಷ ದುಡ್ಡು ಹಾಕಬೇಕು, ಪೈಸೆ ವಾಪಸು ಬರುವುದು ಕೊನೆಗೆ, ಅದೂ ಬಂದರೆ. ಆಟ ಆರು ತಿಂಗಳು ತಡವಾದರೆ ಆರು ತಿಂಗಳ ಸಂಬಳ ಮೈಮೇಲೆ. ಮೊದಲೇ ಒಂದಿಷ್ಟು ಪಾಲು ತಗೊಂಡಿದ್ದ ನ್ಯೂಯಾರ್ಕಿನ ಟೇಕ್-ಟೂ ಅನ್ನೋ ಕಂಪನಿ 2000ದಲ್ಲಿ ಗಾಡ್ ಅನ್ನ ಪೂರ್ತಿ ಕೊಂಡುಕೊಂಡಿತು. 2001ರಲ್ಲಿ ಡಗ್ ಮೈಯರ್ಸ್ ಅಸ್ತಮಾದಿಂದ ತೀರಿಕೊಂಡರು. ಅದೇ ಜುಲೈನಲ್ಲಿ ಮ್ಯಾಕ್ಸ್ ಪೇನ್ ಬಂತು, ಗೆದ್ದಿತು. ಆಗಸ್ಟಿನಲ್ಲಿ ಟೆಕ್ಸಾಸ್‌ನ ಆಫೀಸಿಗೆ ಬೀಗ ಬಿತ್ತು.

ಆಮೇಲೂ ಒಂದೆರಡು ವರ್ಷ ಡಬ್ಬಿಗಳ ಮೇಲೆ ಹೆಸರು ಉಳಿಯಿತು. 2002ರಲ್ಲಿ ಬಂದ ಮಾಫಿಯಾ ಆಟದ ಮೇಲೂ "ಗ್ಯಾದರಿಂಗ್" ಇದೆ. 2005ರಲ್ಲಿ ಟೇಕ್-ಟೂ 2ಕೆ ಅಂತ ಹೊಸ ಬೋರ್ಡ್ ಹಾಕಿತು. ಮಾಫಿಯಾದ ಎರಡನೆಯ ಭಾಗ ಬರುವಾಗ ಹಳೆ ಹೆಸರು ಎಲ್ಲೂ ಇರಲಿಲ್ಲ. ಅಂದರೆ, 2003ರಲ್ಲಿ ನಾನು ರೀಡ್‌ಮಿ ಓದುತ್ತ ಕೂತಿದ್ದಾಗ ಗಾಡ್ ಸತ್ತು ಹತ್ತತ್ತಿರ ಎರಡು ವರ್ಷವಾಗಿತ್ತು. ನಾನು ಓದುತ್ತಿದ್ದದ್ದು ಸತ್ತವರ ಮನೆ ವಿಳಾಸ.

ಒಂದು ಮಾತು ಮಾತ್ರ ಅವರ ಕಡೆಯಿಂದ ಹೇಳಲೇಬೇಕು. ಹಕ್ಕು ಮಾಡಿದವರದು ಅಂದಿದ್ದರಲ್ಲ, ಅದು ಉಳಿಯಿತು. 2002ರಲ್ಲಿ ಟೇಕ್-ಟೂಗೆ ಮ್ಯಾಕ್ಸ್ ಪೇನ್ ಪೂರ್ತಿ ಬೇಕಾದಾಗ ಅದು ರೆಮಿಡಿ ಮತ್ತು 3ಡಿ ರೆಲ್ಮ್ಸ್ ಹತ್ತಿರ ಹೋಗಿ 1 ಕೋಟಿ ಡಾಲರ್ ನಗದು, ಮೇಲೆ ತನ್ನ ಷೇರು ಕೊಟ್ಟು ಕೊಳ್ಳಬೇಕಾಯಿತು. ರೆಮಿಡಿ ಇವತ್ತಿಗೂ ಇದೆ, ಆಟ ಮಾಡುತ್ತಲೇ ಇದೆ. ಮೈಕ್ ವಿಲ್ಸನ್, ಹ್ಯಾರಿ ಮಿಲ್ಲರ್ ಮತ್ತೆ ಸೇರಿ ಗೇಮ್‌ಕಾಕ್ ಅಂತ ಇನ್ನೊಂದು ಪಬ್ಲಿಷರ್ ಕಟ್ಟಿದರು, ಅದು 2008ರಲ್ಲಿ ಬೇರೆಯವರ ಪಾಲಾಯಿತು. 2009ರಲ್ಲಿ ಮತ್ತೂ ಒಂದು ಕಟ್ಟಿದರು: ಡೆವಾಲ್ವರ್ ಡಿಜಿಟಲ್. ಮೊದಲ ಆಟ ಯಾರದು ಅಂತೀರಿ? ಅದೇ ಕ್ರೋಟೀಮ್, ಅದೇ ಸೀರಿಯಸ್ ಸ್ಯಾಮ್. ಈ ಸಲ ಕಂಪನಿ ನಿಂತಿತು.

*

ನಾನು ಕಲಬುರಗಿಯಲ್ಲಿ ಬಿಇ ಮುಗಿಸಿ ವಾಡಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಬಂದದ್ದು 2012ರಲ್ಲಿ. ಆಗ ಇಲ್ಲಿ ಗೇಮ್ ಅಂದರೆ ಎರಡು ಹೆಸರು ಎಲ್ಲರ ಬಾಯಲ್ಲಿ. ಒಂದು ಧ್ರುವ, ಇನ್ನೊಂದು ಝಿಂಗಾ.

ಧ್ರುವ ಇಂಟರಾಕ್ಟಿವ್ ಅನ್ನ ರಾಜೇಶ್ ರಾವ್ ಕಟ್ಟಿದ್ದು 1997ರಲ್ಲಿ, ಅಂದರೆ ಗಾಡ್ ಹುಟ್ಟುವ ಹಿಂದಿನ ವರ್ಷ. ದೇಶದ ಮೊದಲ ಗೇಮ್ ಸ್ಟುಡಿಯೋ ಅಂತಲೇ ಅದರ ಹೆಸರು. ಫ್ರಾನ್ಸಿನ ಇನ್ಫೋಗ್ರಾಮ್ಸ್‌ಗಾಗಿ ಮಿಷನ್ ಇಂಪಾಸಿಬಲ್ ಆಟದ ಪಿಸಿ ಆವೃತ್ತಿ ಮಾಡಿಕೊಡುತ್ತಿದ್ದರು, ಅದು ಅಂಗಡಿ ಮುಟ್ಟಲೇ ಇಲ್ಲ. ಮೊಬೈಲ್ ಆಟಗಳಿಗೆ ಚಾರ್ಲಿ ಚಾಪ್ಲಿನ್‌ನ ಚಿತ್ರ ಬಳಸುವ ಹಕ್ಕು ಕೊಂಡಿದ್ದರು. ಥಾಮಸ್ ಫ್ರೀಡ್‌ಮನ್ 2005ರ "ದಿ ವರ್ಲ್ಡ್ ಈಸ್ ಫ್ಲ್ಯಾಟ್" ಪುಸ್ತಕದಲ್ಲಿ ಜಗತ್ತು ಸಪಾಟಾಗಿದೆ ಅನ್ನೋದಕ್ಕೆ ರಾಜೇಶ್ ರಾವ್ ಅವರನ್ನೇ ಉದಾಹರಣೆ ಕೊಟ್ಟಿದ್ದಾರೆ. ಆಮೇಲಿನ ವರ್ಷಗಳಲ್ಲಿ ಧ್ರುವದ ಮುಖ್ಯ ಕೆಲಸ ಅಂದರೆ ಹೊರದೇಶದ ದೊಡ್ಡ ಆಟಗಳಿಗೆ ಚಿತ್ರ, ಮಾಡೆಲ್ ಮಾಡಿಕೊಡುವುದು. ಫೋರ್ಜಾ ರೇಸಿಂಗ್ ಆಟಗಳಿಗೂ ಇಲ್ಲಿನವರು ದುಡಿದಿದ್ದಾರೆ. ಕಾರು ಓಡಿಸಿದ ಎಷ್ಟು ಜನ ಕೊನೆಯ ಹೆಸರಿನ ಪಟ್ಟಿ ನೋಡಿರುತ್ತಾರೆ?

2016ರ ಕೊನೆಗೆ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿ ಧ್ರುವವನ್ನ ಕೊಳ್ಳುವುದಾಗಿ ಹೇಳಿತು. ಎರಡು ವರ್ಷದಲ್ಲಿ ಸ್ಟಾರ್‌ಬ್ರೀಜೇ ದಿವಾಳಿಯ ಅಂಚಿಗೆ ಬಂತು. 2019ರ ಮೇನಲ್ಲಿ 79 ಲಕ್ಷ ಡಾಲರ್‌ಗೆ ಅದನ್ನ ರಾಕ್‌ಸ್ಟಾರ್‌ಗೆ ಮಾರಿದರು. ರಾಕ್‌ಸ್ಟಾರ್ ತನ್ನ ಬೆಂಗಳೂರಿನ ಸ್ಟುಡಿಯೋದೊಳಗೆ ಅದನ್ನ ಸೇರಿಸಿಕೊಂಡಿತು. ಇಪ್ಪತ್ತೆರಡು ವರ್ಷದ ಹೆಸರು ಅಲ್ಲಿಗೆ ಮುಗಿಯಿತು.

ರಾಕ್‌ಸ್ಟಾರ್ ಯಾರದು? ಟೇಕ್-ಟೂ ಅವರದು. ಗಾಡ್ ಅನ್ನ ನುಂಗಿದ ಅದೇ ಟೇಕ್-ಟೂ.

ಸುದ್ದಿ ಓದಿದ ದಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಬಸ್ಸಿನೊಳಗೆ ಕೂತಿದ್ದೆ. ರೀಡ್‌ಮಿ ಫೈಲಿನ ಹೆಸರು ಹದಿನಾರು ವರ್ಷ ಕಳೆದು ನಮ್ಮ ಬೆಂಗಳೂರಿಗೆ ಬಂದು ಬಾಗಿಲು ಬಡಿದಂತಾಯಿತು. ಇನ್ನೊಂದು ಹೆಸರು, ಝಿಂಗಾ, 2010ರಲ್ಲಿ ಅಮೆರಿಕದ ಹೊರಗಿನ ತನ್ನ ಮೊದಲ ಸ್ಟುಡಿಯೋವನ್ನ ಬೆಂಗಳೂರಿನಲ್ಲೇ ತೆರೆದಿತ್ತು. ನಮ್ಮ ಹಾಸ್ಟೆಲ್ಲಿನಲ್ಲಿ ತೊಗರಿ ಬೆಳೆಯುವ ರೈತರ ಮಕ್ಕಳು ರಾತ್ರಿ ಎದ್ದು ಅವರ ಫಾರ್ಮ್‌ವಿಲ್‌ನಲ್ಲಿ ಸ್ಟ್ರಾಬೆರಿ ಕೊಯ್ಯುತ್ತಿದ್ದರು. 2022ರ ಮೇನಲ್ಲಿ ಝಿಂಗಾವನ್ನೂ ಕೊಂಡುಕೊಂಡರು. ಕೊಂಡವರು ಯಾರು ಅಂತ ಇನ್ನು ನಾನು ಹೇಳಬೇಕಾಗಿಲ್ಲ.

ಇದರಲ್ಲಿ ಖಳನಾಯಕ ಯಾರೂ ಇಲ್ಲ. ದುಡ್ಡಿದ್ದವರು ಕೊಂಡರು, ಬೇಕಿದ್ದವರು ಮಾರಿದರು, ಕೆಲಸಗಾರರ ಸಂಬಳ ನಡೆಯಿತು. ನನ್ನ ತಲೆಯಲ್ಲಿ ಉಳಿದ ಪ್ರಶ್ನೆ ಬೇರೆ. ಕಂಪನಿ ಹೋಯಿತು, ಬೋರ್ಡ್ ಹೋಯಿತು, ಸರಿ. ಮಾಡಿದ ಕೆಲಸ ಎಲ್ಲಿ ಹೋಗುತ್ತದೆ?

*

ನನ್ನ ಕಥೆಗೆ ಬರ್ತೀನಿ. ಒಪ್ಪಂದಕ್ಕೆ ಸಹಿ ಹಾಕಿದ್ದೀನಿ, ಹಾಗಾಗಿ ಕಂಪನಿ ಹೆಸರೂ ಹೇಳುವುದಿಲ್ಲ, ಆಟದ ಹೆಸರೂ ಹೇಳುವುದಿಲ್ಲ.

ಹನ್ನೊಂದು ಜನರ ಸಣ್ಣ ಸ್ಟುಡಿಯೋ. ನಾವು ಮಾಡಿದ್ದು ಮೊಬೈಲಿಗೆ ಒಂದು ಗೂಡ್ಸ್ ರೈಲಿನ ಆಟ. ಹಳಿ ಬದಲಾಯಿಸಬೇಕು, ವ್ಯಾಗನ್‌ಗಳನ್ನ ಸರಿಯಾದ ಸಾಲಿಗೆ ಕಳಿಸಬೇಕು, ಎಕ್ಸ್‌ಪ್ರೆಸ್ ಬಂದರೆ ದಾರಿ ಬಿಡಬೇಕು. ಎರಡು ವರ್ಷದ ಕೆಲಸ. ಒಂದು ಜಂಕ್ಷನ್‌ನ ನಕ್ಷೆ ನಾನೇ ಬಿಡಿಸಿದ್ದೆ. ಎಲ್ಲಿಂದ ಬಂತು ಅಂತ ಯಾರಿಗೂ ಹೇಳಿರಲಿಲ್ಲ. ಆಟ ಬಂತು, ಚೆನ್ನಾಗಿದೆ ಅಂದರು, ಹಣ ಮಾತ್ರ ಬರಲಿಲ್ಲ. ಹೊರಗಿನ ಒಂದು ಕಂಪನಿ ನಮ್ಮನ್ನ ಕೊಂಡಿತು. ಎಂಟು ತಿಂಗಳ ಮೇಲೆ ಒಂದು ಸೋಮವಾರ ಮೀಟಿಂಗ್ ಕರೆದು, ಆಟ ನಿಲ್ಲಿಸುತ್ತಿದ್ದೇವೆ, ತಂಡವನ್ನೂ ಅಂದರು. ತಿಂಗಳ ಕೊನೆಗೆ ಸರ್ವರ್ ಆಫ್. ಸ್ಟೋರ್‌ನಿಂದಲೂ ತೆಗೆದರು.

ಆ ಯುಗಾದಿಗೆ ಊರಿಗೆ ಹೋದಾಗ ಅಪ್ಪ ಕೇಳಿದರು. ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದರು, ಕಲ್ಲಿನ ಪುಡಿ ಎದೆಯೊಳಗೆ ಕೂತಿತ್ತು, ಮಾತಿಗೊಮ್ಮೆ ಕೆಮ್ಮು. "ಎರಡು ವರ್ಷ ಅದೇನೋ ಮಾಡ್ಲತ್ತೀನಿ ಅಂದಿ. ತೋರ್ಸು ನೋಡಮು."

ನನ್ನ ಹಳೆಯ ಟೆಸ್ಟಿಂಗ್ ಫೋನಿನಲ್ಲಿ ಆಟ ಇನ್ನೂ ಇತ್ತು. ತೆಗೆದು ಕೈಗೆ ಕೊಟ್ಟೆ. ಲೋಗೋ ಬಂತು, ಇಂಜಿನ್ನಿನ ಸೀಟಿ ಕೇಳಿತು, ಆಮೇಲೆ ಒಂದು ಚಕ್ರ ತಿರುಗತೊಡಗಿತು. ಸರ್ವರ್ ಹುಡುಕುವ ಚಕ್ರ. ಅಪ್ಪ ಅದನ್ನೇ ಆಟ ಅಂದುಕೊಂಡು ಮೂರು ನಾಲ್ಕು ನಿಮಿಷ ಗಮನವಿಟ್ಟು ನೋಡಿದರು.

"ಬರೇ ತಿರಗ್ಲತ್ತದ. ಮುಂದ ಹೋಗ್ವಲ್ದು."

"ಮುಂದ ಇಲ್ಲಪ್ಪ. ಬಂದ್ ಮಾಡ್ಯಾರ."

ಅಪ್ಪ ಫೋನ್ ವಾಪಸು ಕೊಟ್ಟರು. ಬೇಜಾರೇನೂ ಮಾಡಿಕೊಳ್ಳಲಿಲ್ಲ. ನಾನು ಮಾತ್ರ ಆ ರಾತ್ರಿ ಮಾಳಿಗೆ ಮೇಲೆ ಮಲಗಿ ನಿದ್ದೆ ಮಾಡಲಿಲ್ಲ. ಅಪ್ಪ ಪಾಲಿಶ್ ಮಾಡಿದ ಕಲ್ಲು ಯಾರ್ಯಾರ ಮನೆಯಲ್ಲೋ ಇವತ್ತಿಗೂ ತಣ್ಣಗೆ ಬಿದ್ದುಕೊಂಡಿದೆ. ಬಿಇ ಓದಿದ ಮಗನ ಎರಡು ವರ್ಷದ ದುಡಿಮೆ ಬಹಳ ದಿನ ಬಾಳಲಿಲ್ಲ.

ಮರುದಿನ ಬೈಕ್ ತಗೊಂಡು ಮಳಖೇಡದ ಕೋಟೆಗೆ ಹೋದೆ. ಚಿಕ್ಕವನಿದ್ದಾಗ ಅದರ ಗೋಡೆ ಹತ್ತಿ ಹೊಳೆ ನೋಡುತ್ತಿದ್ದೆವು, ಅಷ್ಟೇ. ಮಳಖೇಡ ಅಂದರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 972ರಲ್ಲಿ ಮಾಳವದ ಪರಮಾರ ರಾಜ ಸೀಯಕ ಬಂದು ಲೂಟಿ ಮಾಡಿದ ಮೇಲೆ ಅದರ ಕಾಲ ಮುಗಿಯುತ್ತ ಬಂತು. ಅರಮನೆ ಎಲ್ಲಿತ್ತು ಅಂತ ಕೇಳಿದರೆ ತೋರಿಸಲು ಏನೂ ಇಲ್ಲ. ಆದರೆ ಅದೇ ಊರಿನ ಆಸ್ಥಾನದಲ್ಲಿ ಸುಮಾರು 850ರ ಹೊತ್ತಿಗೆ ಆದ ಕವಿರಾಜಮಾರ್ಗ ಇದೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ. ಊರು ಹೋಗಿ ಓಲೆ ಉಳಿಯಿತು, ಯಾಕೆಂದರೆ ಎಲ್ಲೋ ಯಾರೋ ಕೂತು ಪ್ರತಿ ಮಾಡಿಕೊಂಡರು. ಆ ಪ್ರತಿ ನೋಡಿ ಇನ್ನೊಬ್ಬರು ಪ್ರತಿ ಮಾಡಿದರು.

ಅದನ್ನ ಬರೆದವರು ಯಾರು ಅನ್ನೋದೂ ನಮ್ಮ ಉದ್ಯಮದ ಜಗಳದ ಹಾಗೇ ಇದೆ. ಶಾಲೆಯಲ್ಲಿ ನಮಗೆ ನೃಪತುಂಗ ಅಂತ ಕಲಿಸಿದ್ದರು. ನೃಪತುಂಗನ ಒಪ್ಪಿಗೆಯಿಂದ ಆದದ್ದು ಅಂತ ಗ್ರಂಥವೇ ಹೇಳಿಕೊಳ್ಳುತ್ತದೆ, ಬರೆದವನು ಶ್ರೀವಿಜಯ ಅಂತ ಈಗ ಬಹಳಷ್ಟು ವಿದ್ವಾಂಸರು ಹೇಳುತ್ತಾರೆ. ನನಗಂತೂ ನೋಡಿದ ಕೂಡಲೇ ಅರ್ಥವಾಯಿತು: ಡೆವಲಪರ್ ಶ್ರೀವಿಜಯ, ಪಬ್ಲಿಷರ್ ನೃಪತುಂಗ. ಬೆಂಗಳೂರಿನಲ್ಲಿ ರಸ್ತೆ ಇರುವುದು ಪಬ್ಲಿಷರ್ ಹೆಸರಿನಲ್ಲಿ.

ಆಟಗಳಿಗೆ ಪ್ರತಿ ಮಾಡುವವರು ಯಾರು? ನಮ್ಮ ದೇಶದಲ್ಲಿ ಪುಸ್ತಕ ಪ್ರಕಟಿಸಿದವರು ಒಂದು ಪ್ರತಿಯನ್ನ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕು ಅಂತ 1954ರಿಂದ ಕಾಯ್ದೆ ಇದೆ. ವಿಡಿಯೋ ಗೇಮ್‌ಗೆ ಅಂಥದ್ದಿಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಹಾಕಿ ನೋಡಿತು. ಅಲ್ಲಿ 2010ಕ್ಕಿಂತ ಮುಂಚೆ ಬಂದ ಆಟಗಳಲ್ಲಿ ನೂರಕ್ಕೆ 87 ಇವತ್ತು ದುಡ್ಡು ಕೊಡ್ತೀನಿ ಅಂದರೂ ಅಂಗಡಿಯಲ್ಲಿ ಸಿಗುವುದಿಲ್ಲ. ಅದೂ ಡಿಸ್ಕಿನಲ್ಲಿ, ಡಬ್ಬಿಯಲ್ಲಿ ಬಂದ ಕಾಲದ ಆಟಗಳು. ಸರ್ವರ್ ನಂಬಿಕೊಂಡ ನಮ್ಮ ಆಟಗಳ ಗತಿ ನೀವೇ ಊಹಿಸಿ. ಆದಿತ್ಯನಗರದ ಆ ಸೆಂಟರಿನಲ್ಲಿದ್ದ ಸಿಡಿ ಕಳ್ಳ ಸಿಡಿ, ಅದರಲ್ಲಿ ಅನುಮಾನವಿಲ್ಲ. ಮಾಡಿದವರಿಗೆ ಅದರಿಂದ ಬಿಡಿಗಾಸು ಹೋಗಲಿಲ್ಲ, ಅದು ಸರಿ ಅಂತ ನಾನು ಹೇಳಲಾರೆ. ಆದರೆ ಗಾಡ್ ಅನ್ನೋ ಕಂಪನಿ ಇತ್ತು ಅಂತ ನನಗೆ ಹೇಳಿದ್ದೂ ಅದೇ ಸಿಡಿ.

*

ಬೆಂಗಳೂರಿಗೆ ವಾಪಸು ಬಂದು ಮೂರು ಶನಿವಾರ ಕೂತೆ. ಆ ಟೆಸ್ಟಿಂಗ್ ಫೋನಿನಲ್ಲಿದ್ದದ್ದು ಡೀಬಗ್ ಬಿಲ್ಡ್. ಲೋಗೋವನ್ನ ಐದು ಸಲ ಒತ್ತಿದರೆ ಒಂದು ಗುಟ್ಟಿನ ಮೆನು ಬರುತ್ತದೆ, ಅಲ್ಲಿ ಸರ್ವರ್ ವಿಳಾಸ ಬದಲಾಯಿಸಬಹುದು. ಆಟ ಶುರುವಿನಲ್ಲಿ ಸರ್ವರ್‌ಗೆ ಕೇಳುತ್ತಿದ್ದದ್ದು ಆರೇ ಪ್ರಶ್ನೆ: ನೀನು ಯಾರು, ಎಷ್ಟನೇ ಲೆವೆಲ್, ಎಷ್ಟು ನಾಣ್ಯ, ಹೀಗೆ. ಉತ್ತರ ಹೇಗಿರಬೇಕು ಅಂತ ನನಗೆ ಬಾಯಿಪಾಠ, ಬರೆದವನು ನಾನೇ ತಾನೆ. ಆರಕ್ಕೂ ಸುಳ್ಳು ಉತ್ತರ ಕೊಡುವ ಇನ್ನೂರು ಸಾಲಿನ ಒಂದು ಪುಟ್ಟ ಸರ್ವರ್ ಬರೆದು ಆ ಫೋನಿನೊಳಗೇ ಕೂಡಿಸಿದೆ. ಈಗ ಫೋನು ಹೊರಗೆ ಯಾರನ್ನೂ ಹುಡುಕುವುದಿಲ್ಲ, ತನಗೆ ತಾನೇ ಉತ್ತರ ಹೇಳಿಕೊಳ್ಳುತ್ತದೆ. ಒಪ್ಪಂದದ ಪ್ರಕಾರ ಇದು ತಪ್ಪು ಅಂತ ಗೊತ್ತು. ಗೊತ್ತಿದ್ದೇ ಮಾಡಿದೆ.

ಆಟ ಮತ್ತೆ ಓಡಿದ ರಾತ್ರಿ ಇನ್ನೊಂದು ಕೆಲಸ ಮಾಡಿದೆ. ನಮ್ಮ ಆಟದಲ್ಲಿ ಹೆಸರಿನ ಪಟ್ಟಿ ಅಂತಲೇ ಇರಲಿಲ್ಲ, ಮುಂದಿನ ಅಪ್‌ಡೇಟಿಗೆ ಹಾಕೋಣ ಅಂತ ಮುಂದೂಡುತ್ತಲೇ ಇದ್ದೆವು. ಒಂದು ಟೆಕ್ಸ್ಟ್ ಫೈಲ್ ತೆಗೆದು ಹನ್ನೊಂದೂ ಹೆಸರು ಬರೆದೆ. ಯಾರು ಇಂಜಿನ್ ಬಿಡಿಸಿದರು, ಯಾರು ಸೀಟಿಯ ಸದ್ದು ರೆಕಾರ್ಡ್ ಮಾಡಲು ಬೆಳಗಿನ ಜಾವ ಯಶವಂತಪುರಕ್ಕೆ ಹೋದರು, ಯಾರು ಮದುವೆಯ ಹಿಂದಿನ ದಿನವೂ ಬಗ್ ಸರಿಮಾಡಿದರು, ಎಲ್ಲ. ಫೈಲಿಗೆ ರೀಡ್‌ಮಿ ಅಂತ ಹೆಸರಿಟ್ಟು ಹನ್ನೊಂದು ಜನಕ್ಕೂ ಕಳಿಸಿದೆ. ಇಬ್ಬರು ಕೂಡಲೇ ಫೋನ್ ಮಾಡಿದರು. ಒಬ್ಬಳು ತನ್ನ ಹೆಸರಿನ ಸ್ಪೆಲ್ಲಿಂಗ್ ತಪ್ಪಿದೆ ಅಂದಳು. ತಿದ್ದಿದೆ.

ಮುಂದಿನ ಸಲ ಊರಿಗೆ ಹೋದಾಗ ಅಪ್ಪನ ಕೈಗೆ ಫೋನ್ ಕೊಟ್ಟು ಸುಮ್ಮನೆ ಕೂತೆ. ಸೀಟಿ, ಚಕ್ರ, ಈ ಸಲ ಚಕ್ರ ನಿಂತು ಆಟ ತೆರೆದುಕೊಂಡಿತು. ಅಪ್ಪನ ಬೆರಳು ದಪ್ಪ, ಹಳಿ ಬದಲಾಯಿಸುವ ಬಟನ್ ಸಣ್ಣದು. ಮೊದಲು ನಾಲ್ಕು ಸಲ ಗೂಡ್ಸ್ ಹೋಗಿ ಎಕ್ಸ್‌ಪ್ರೆಸ್‌ಗೆ ಗುದ್ದಿತು. ಆಮೇಲೆ ಹದಕ್ಕೆ ಬಂತು. ಎರಡು ದಿನ ಬಿಟ್ಟು ಬಿಡದೆ ಆಡಿದರು. ನಿನ್ನ ಹೆಸರೆಲ್ಲದ ಅಂತ ಕೇಳಿಯಾರು, ಟೆಕ್ಸ್ಟ್ ಫೈಲ್ ತೋರಿಸೋಣ ಅಂತ ಕಾಯುತ್ತಿದ್ದೆ. ಕೇಳಲಿಲ್ಲ. ಒಂಬತ್ತನೆಯ ಲೆವೆಲ್‌ಗೆ ಬಂದಾಗ ಫೋನನ್ನ ಸ್ವಲ್ಪ ದೂರ ಹಿಡಿದು, ಕಣ್ಣು ಸಣ್ಣ ಮಾಡಿ ನೋಡಿದರು.

"ಇದು ವಾಡಿ ಜಂಕ್ಷನ್ ಅಲ್ಲೇನೋ?"

ಹೌದು ಅಂದೆ.

"ಮತ್ತ ಈ ಲೈನ್ ನಮ್ಮ ಕಡಿಗಿ ಬರೂದು. ಇಲ್ಲಿ ಸಿಗ್ನಲ್ ಭಾಳ ಹೊತ್ತು ನಿಂದರಸ್ತಾರ. ಅದ್ನೂ ಹಾಕೀದಿ."

ಫೋನು ಅವರ ಹತ್ತಿರವೇ ಬಿಟ್ಟು ಬಂದೆ. ಹೋದ ವಾರ ರಾತ್ರಿ ಕರೆ ಮಾಡಿದ್ದರು. ಹದಿನಾಲ್ಕನೇದು ಏನ್ ಮಾಡಿದ್ರೂ ಮುಂದ ಹೋಗ್ವಲ್ದು ಅಂದರು. ಹದಿನಾಲ್ಕನೆಯ ಲೆವೆಲ್‌ನಲ್ಲಿ ಒಂದು ಬಗ್ ಇದೆ, ಕೊನೆಯ ವ್ಯಾಗನ್ ಎಣಿಕೆಗೇ ಬರುವುದಿಲ್ಲ. ಬೀಗ ಬೀಳುವ ಹಿಂದಿನ ವಾರ ನಾನೇ ಅದನ್ನ ಸರಿಮಾಡಿದ್ದೆ. ಆ ತಿದ್ದುಪಡಿ ಈ ಫೋನಿನ ಬಿಲ್ಡ್‌ನಲ್ಲಿಲ್ಲ. ಸೋರ್ಸ್ ಕೋಡ್ ನನ್ನ ಹತ್ತಿರ ಇಲ್ಲ, ಇರುವವರು ಕೊಡುವುದಿಲ್ಲ.

"ಅಪ್ಪ, ಅದು ಅಲ್ಲಿಗೇ ಅದ. ಮುಂದಿಲ್ಲ."

ಆ ಕಡೆ ಸ್ವಲ್ಪ ಹೊತ್ತು ಕೆಮ್ಮು.

"ಆಯ್ತು ತಗೋ," ಅಂದರು. "ಮತ್ತ ಮೊದಲಿಂದ ಆಡ್ತೀನಿ."